ಯಾರದೂ ಅಲ್ಲದ ಕಾಲು

ನಮ್ಮ ಭಾವನನ್ನು ಬೀದಿಯವರು ಬುಗುರಿ ಎಂದು ಕರೆಯುತ್ತಾರೆ. ಎದುರಿಗಲ್ಲ, ಅವರು ಬೆನ್ನು ತಿರುಗಿಸಿದ ಮೇಲೆ. ಆದರೆ ಅವರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಲೇ ಇರುವುದರಿಂದ ಅರ್ಧ ಮಾತು ಅವರ ಕಿವಿಗೇ ಬೀಳುತ್ತದೆ. ತೊಗಲು ಕತ್ತರಿಸುತ್ತ ಕೂತವರು ಇದ್ದಕ್ಕಿದ್ದಂತೆ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತಾರೆ. ಊಟದ ನಡುವೆ ಎದ್ದು ಅಂಟಿನ ಡಬ್ಬಿಯ ಮುಚ್ಚಳ ಹಾಕಿದೆಯೋ ಇಲ್ಲವೋ ಎಂದು ನೋಡಲು ಹೋಗುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು, ಅದಕ್ಕೇ ಊರವರ ಕಾಲಿಗೆ ಷೂ ಹೊಲಿಯುವ ಕೆಲಸ ಸಿಕ್ಕಿದೆ ಎಂದು ನಾನು ರೇಗಿಸುತ್ತೇನೆ. ನಾದಿನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ? ಅವರೇನೂ ಕಡಿಮೆಯಿಲ್ಲ, ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ.

ಭಾವ ಅಲ್ಲಾಡದೆ ಕೂರುವುದು ಒಂದೇ ಹೊತ್ತಿನಲ್ಲಿ. ಯಾರದಾದರೂ ಕಾಲು ಅವರ ಕೈಯಲ್ಲಿರುವಾಗ. ಗಿರಾಕಿಯನ್ನು ಕುರ್ಚಿಯ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು, ಪಾದವನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆಯುವಾಗ ಅವರ ಉಸಿರು ಕೂಡ ಕೇಳಿಸುವುದಿಲ್ಲ. ಆಮೇಲೆ ಗಿರಾಕಿಯನ್ನು ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯುತ್ತಾರೆ, ಏಕೆಂದರೆ ಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ಅಷ್ಟು ಹೊತ್ತು ಬೀದಿಯಲ್ಲಿ ಬೆಂಕಿ ಬಿದ್ದರೂ ಅವರು ತಲೆ ಎತ್ತುವುದಿಲ್ಲ.

ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ. ಬೀದಿಯ ಕಡೆ ಗಾಜಿನ ಕಪಾಟು, ಅದರ ಹಿಂದೆ ಅಕ್ಕ ಗಿರಾಕಿಗಳೊಂದಿಗೆ ಮಾತಾಡುತ್ತ ಪಾಲಿಶ್ ಹಚ್ಚುವ ಮೇಜು, ಆಮೇಲೆ ನನ್ನ ಹೊಲಿಗೆ ಯಂತ್ರ, ಕೊನೆಗೆ ಕಿಟಕಿಯ ಪಕ್ಕ ಭಾವನ ಮಣೆ. ಹಿಂದಿನ ಬಾಗಿಲು ದಾಟಿದರೆ ಮನೆ. ಗೋಡೆಯ ಬಣ್ಣ ಯಾವುದೆಂದು ನನಗೇ ಮರೆತುಹೋಗಿದೆ, ಏಕೆಂದರೆ ಮೇಲಿಂದ ಕೆಳಗಿನವರೆಗೂ ಮೊಳೆಗಳಲ್ಲಿ ಮರದ ಪಾದಗಳು ತೂಗುತ್ತವೆ. ನಾವು ಅವನ್ನು ಅಚ್ಚು ಎನ್ನುತ್ತೇವೆ. ಪ್ರತಿ ಗಿರಾಕಿಗೂ ಒಂದು ಜೋಡಿ ಅಚ್ಚು. ಅದರ ಮೇಲೆ ತೊಗಲನ್ನು ಎಳೆದು ಕೂರಿಸಿದರೆ ಷೂಗೆ ಆ ಮನುಷ್ಯನ ಪಾದದ ಆಕಾರವೇ ಬರುತ್ತದೆ. ಅಂಚೆಯವರ ಎಡಗಾಲು ಬಲಗಾಲಿಗಿಂತ ಉದ್ದ. ಶಾಲೆಯ ಗಣಿತದ ಮೇಡಂಗೆ ಹೆಬ್ಬೆರಳಿನ ಬುಡದಲ್ಲಿ ಗಂಟು. ಅದು ಬೆಳೆದಂತೆಲ್ಲ ಭಾವ ಅಚ್ಚಿನ ಮೇಲೆ ತೊಗಲಿನ ಚೂರು ಅಂಟಿಸಿ ಉಬ್ಬಿಸುತ್ತ ಬಂದಿದ್ದಾರೆ. ಗಿರಾಕಿ ಹೊಸ ಜೋಡಿಗೆ ಬಂದಾಗಲೆಲ್ಲ ಹೊಸ ಅಳತೆ. ಕಾಲು ನಿನ್ನೆ ಇದ್ದಂತೆ ಇವತ್ತು ಇರುವುದಿಲ್ಲ ಎಂಬುದು ಅವರ ಮಾತು, ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಅಂಥ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಅವರನ್ನು ಬಯ್ದು ಏನು ಮಾಡುವುದು? ದೊಡ್ಡ ಬೀದಿಯಲ್ಲಿ ಬಣ್ಣಬಣ್ಣದ ಪೆಟ್ಟಿಗೆಗಳಲ್ಲಿ ಸಿದ್ಧವಾಗಿ ಸಿಗುವಾಗ ನಮ್ಮಲ್ಲಿ ಅಳತೆ ಕೊಟ್ಟು ವಾರಗಟ್ಟಲೆ ಕಾಯಲು ಯಾರಿಗೆ ಪುರುಸೊತ್ತು? ಅದರ ಮೇಲೆ ನಮ್ಮ ಕಟ್ಟಡದ ಯಜಮಾನರಿಗೆ ಒಂದು ಯೋಚನೆ ಬಂತು. ಪಕ್ಕದಲ್ಲಿ ಮೊಬೈಲ್ ಅಂಗಡಿ ಇಟ್ಟವನು ನಡುವಿನ ಗೋಡೆ ಒಡೆದು ನಮ್ಮ ಕೋಣೆಯನ್ನೂ ಸೇರಿಸಿಕೊಳ್ಳುತ್ತೇನೆ ಎಂದಿದ್ದ. ಯಜಮಾನರು ಒಳ್ಳೆಯವರೇ, ಆದರೆ ಒಳ್ಳೆಯತನಕ್ಕೂ ಒಂದು ಮಿತಿ ಇರುತ್ತದೆ. ಈ ತಿಂಗಳ ಕೊನೆಯೊಳಗೆ ಅಂಗಡಿ ನಡೆಯುತ್ತದೆ ಎಂದು ತೋರಿಸು, ಬಾಡಿಗೆಯ ಕರಾರು ಮುಂದುವರಿಸುತ್ತೇನೆ, ಇಲ್ಲವಾದರೆ ಖಾಲಿ ಮಾಡು ಎಂದು ಹೇಳಿ ಹೋದರು.

ಅಂಗಡಿ ನಡೆಯುತ್ತದೆ ಎಂದು ತೋರಿಸುವುದು ಹೇಗೆ? ಭಾವ ಬ್ಯಾಂಕಿಗೆ ಹೋದರು. ಅಲ್ಲಿ ದೊಡ್ಡ ಆರ್ಡರ್ ತಂದರೆ ಸಾಲ ಎಂದರು. ದೊಡ್ಡ ಬೀದಿಯ ಷೂ ಮಳಿಗೆಗೆ ಹೋದರೆ, ಯಂತ್ರಗಳಿವೆಯೇ, ಜಾಗವಿದೆಯೇ, ಅವಿದ್ದರೆ ಆರ್ಡರ್ ಎಂದರು. ಯಂತ್ರಕ್ಕೆ ಸಾಲ ಬೇಕು, ಜಾಗಕ್ಕೆ ಯಜಮಾನರ ಕರಾರು ಬೇಕು, ಅವರಿಗೆ ಆರ್ಡರ್ ಬೇಕು. ಹೀಗೆ ಮೂವರ ನಡುವೆ ಬುಗುರಿ ಸುತ್ತಿತು. ಮನೆಗೆ ಬಂದು ನೀರು ಕುಡಿದು ಮತ್ತೆ ಹೊರಡುವುದು, ಅಕ್ಕ ಏನಾಯಿತು ಎಂದು ಕೇಳುವಷ್ಟರಲ್ಲಿ ಅವರು ಬೀದಿಯ ತಿರುವಿನಲ್ಲಿರುತ್ತಿದ್ದರು. ನನಗಂತೂ ನೋಡಿಯೇ ತಲೆ ಸುತ್ತುತ್ತಿತ್ತು.

ಕೊನೆಗೆ ಮಳಿಗೆಯ ಖರೀದಿ ನೋಡಿಕೊಳ್ಳುವ ಹೆಣ್ಣುಮಗಳು ಮನಸ್ಸು ಮಾಡಿದಳು. ಕೈಹೊಲಿಗೆಯ ಷೂಗಳಿಗೆ ಒಂದು ಸಣ್ಣ ವಿಭಾಗ ತೆರೆಯುವ ಯೋಚನೆ ಅವಳಿಗಿತ್ತು. ಬೇರೆ ಬೇರೆ ನಂಬರಿನ ಕೆಲವು ಜೋಡಿ ಮಾದರಿಗೆ ಮಾಡಿ ತನ್ನಿ, ಚೆನ್ನಾಗಿದ್ದರೆ ಆರ್ಡರ್ ಕಾಗದ ಕೊಡುತ್ತೇನೆ, ಯಂತ್ರದ ಮಾತು ಆಮೇಲೆ ನೋಡೋಣ ಎಂದಳು. ಭಾವ ಅವತ್ತು ಮನೆಗೆ ನಡೆದು ಬರಲಿಲ್ಲ, ಓಡಿಕೊಂಡು ಬಂದರು.

ನಮ್ಮಲ್ಲಿ ನಂಬರಿನ ಅಚ್ಚುಗಳೇ ಇರಲಿಲ್ಲ. ಇದ್ದದ್ದೆಲ್ಲ ಮನುಷ್ಯರ ಕಾಲುಗಳು. ಎಂಟನೇ ನಂಬರಿಗೆ ಭಾವ ಅಂಚೆಯವರ ಅಚ್ಚು ಇಳಿಸಿದರು, ಒಂಬತ್ತಕ್ಕೆ ಬಸ್ ಓಡಿಸುವವರದ್ದು, ಆರಕ್ಕೆ ಆಸ್ಪತ್ರೆಯ ನರ್ಸಮ್ಮನದು. ಕೇಳಿದ್ದು ಅಳತೆ, ಅಳತೆ ಸರಿಯಾಗಿಯೇ ಇತ್ತು. ನಾನು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಕತ್ತರಿಸಿದ ತೊಗಲನ್ನು ಎಂದಿನಂತೆ ಹೊಲಿದೆ. ಅಕ್ಕ ಮುಖ ಕಾಣುವಷ್ಟು ಪಾಲಿಶ್ ಹಚ್ಚಿದಳು. ನಮ್ಮ ಮೂವರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಮಳಿಗೆಗೆ ಭಾವನ ಜೊತೆ ನಾನೂ ಹೋದೆ. ಆ ಹುಡುಗಿ ಮೊದಲು ಹೊಲಿಗೆ ನೋಡಿದಳು, ಒಳಗೆ ಬೆರಳಾಡಿಸಿದಳು, ಮುಖ ಅರಳಿತು. ಆಮೇಲೆ ಎಂಟನೇ ನಂಬರಿನ ಎರಡೂ ಷೂಗಳನ್ನು ಅಡಿಗೆ ಅಡಿ ಸೇರಿಸಿ ಹಿಡಿದಳು. ಎಡದ್ದು ಮುಂದಕ್ಕೆ ಚಾಚಿಕೊಂಡಿತ್ತು. ಒಂಬತ್ತನ್ನು ಹಿಡಿದಳು, ಬಲದ್ದು ಅಗಲವಾಗಿತ್ತು. ಭಾವ ಅವಳಿಗೆ ಸಮಾಧಾನದಿಂದ ವಿವರಿಸಿದರು: ಇದು ಅಂಚೆಯವರ ಕಾಲು, ಅವರ ಎಡಪಾದ ಉದ್ದ, ಇದು ಬಸ್ಸಿನವರದ್ದು, ದಿನವಿಡೀ ಬಲಗಾಲಲ್ಲಿ ಬ್ರೇಕ್ ಒತ್ತುತ್ತಾರೆ. ಅವಳು ನಕ್ಕಳು. ಕೊಂಕಿನ ನಗುವಲ್ಲ, ಇಷ್ಟಪಟ್ಟೇ ನಕ್ಕಿದ್ದು.

"ಸರ್, ನಿಮ್ಮ ಕೆಲಸದಲ್ಲಿ ಒಂದು ಹೊಲಿಗೇನೂ ತಪ್ಪಿಲ್ಲ," ಎಂದಳು. "ಆದ್ರೆ ಇಲ್ಲಿ ಬರೋರು ಪೆಟ್ಟಿಗೆ ತೆಗೆದ ತಕ್ಷಣ ಎರಡನ್ನೂ ಪಕ್ಕದಲ್ಲಿಟ್ಟು ನೋಡ್ತಾರೆ. ನೀವು ತಂದಿರೋದು ಒಬ್ಬೊಬ್ಬರ ಕಾಲು. ನಮಗೆ ಯಾರದೂ ಅಲ್ಲದ ಕಾಲು ಬೇಕು."

ಅವಳ ಮಾತಿನಲ್ಲಿ ತಪ್ಪೇನಿತ್ತು? ಯಾರು ಬಂದು ಹಾಕಿಕೊಳ್ಳುತ್ತಾರೋ ಗೊತ್ತಿಲ್ಲದ ಷೂ ಅಂಚೆಯವರ ಎಡಗಾಲನ್ನು ಕಟ್ಟಿಕೊಂಡು ಏನು ಮಾಡಬೇಕು? ಇನ್ನೊಂದು ಅವಕಾಶ ಕೊಡುತ್ತೇನೆ ಎಂದಳು. ಹೆಂಗಸರ ಐದನೇ ನಂಬರ್, ಒಂದೇ ಜೋಡಿ, ಎಡ ಬಲ ಸಮನಾಗಿ, ಈ ವಾರದೊಳಗೆ. ಭಾವ ತಲೆಯಾಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ, ನಮ್ಮ ನಿಲ್ದಾಣ ಬರುವ ಮೊದಲೇ ಇಳಿದು ನಡೆದರು. ಅವರ ಹಿಂದೆ ಓಡಿ ನನಗೆ ಏದುಸಿರು.

ಸಿದ್ಧ ಅಚ್ಚು ಕೊಳ್ಳಿ ಎಂದು ನಾನು ಹೇಳಿದೆ. ಅದನ್ನೂ ವಿಚಾರಿಸಿದರು. ಅಚ್ಚು ಮಾರುವವರು ಕಾರ್ಖಾನೆಗಳಿಗೆ ಲಾರಿ ತುಂಬ ಕೊಡುವವರು, ನಮ್ಮಂಥವರ ಒಂದು ಜೋಡಿಗೆ ಫೋನಿನಲ್ಲಿ ಸರಿಯಾಗಿ ಮಾತೂ ಆಡಲಿಲ್ಲ. ಭಾವ ಗೋಡೆಯ ಮುಂದೆ ನಿಂತು ಒಂದೊಂದೇ ಜೋಡಿ ಇಳಿಸಿ ಅಡಿಗೆ ಅಡಿ ಸೇರಿಸಿ ನೋಡತೊಡಗಿದರು. ಊರಿನಲ್ಲಿ ಎರಡೂ ಕಾಲು ಸಮನಾಗಿರುವ ಒಬ್ಬ ಹೆಂಗಸಾದರೂ ಇರಬೇಕಲ್ಲ? ಇರಲಿಲ್ಲ. ಅರ್ಧ ಗೋಡೆ ನೆಲಕ್ಕೆ ಬಂತು. ಅಕ್ಕ ಕಾಲಿಡಲು ಜಾಗವಿಲ್ಲದೆ ಮೇಜು ಹಿಡಿದುಕೊಂಡು ದಾಟಬೇಕಾಯಿತು.

ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಅವಳ ಎಡಗಾಲು ಬಲಗಾಲಿನಷ್ಟು ಬೆಳೆಯಲಿಲ್ಲ. ಪಾದ ಚಿಕ್ಕದು, ಕಾಲೂ ಸ್ವಲ್ಪ ಗಿಡ್ಡ. ನಮ್ಮ ಅಪ್ಪ ಅವಳಿಗೆ ದೊಡ್ಡ ಷೂ ತಂದು ಒಳಗೆ ಬಟ್ಟೆ ತುರುಕುತ್ತಿದ್ದರು. ಅವಳು ಬೆಳೆದು ನಿಂತ ಮೇಲೆ ಒಂದು ದಿನ ಯಾರದೋ ಮಾತು ಕೇಳಿ ಒಂದು ಷೂ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಕೆಲಸ ಕಲಿಯುತ್ತಿದ್ದವರೇ ಈ ಭಾವ. ಅಕ್ಕನ ಎಡಪಾದಕ್ಕೆ ಬೇರೆ, ಬಲಪಾದಕ್ಕೆ ಬೇರೆ ಅಚ್ಚು ಕೆತ್ತಿ, ಎಡದ ಅಡಿಯನ್ನು ದಪ್ಪ ಮಾಡಿ ಕೊಟ್ಟ ಷೂನಲ್ಲಿ ಅಕ್ಕ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಬೀದಿ ದಾಟಿದಳು. ಆಮೇಲೆ ಆ ಷೂ ಪದೇ ಪದೇ ರಿಪೇರಿಗೆ ಬರತೊಡಗಿತು, ಏನೂ ಕೆಡದಿದ್ದರೂ. ಮದುವೆಯಾದ ಮೇಲೂ ಅವಳ ಷೂಗಳು ಅದೇ ಅಚ್ಚಿನ ಮೇಲೆ ಆಗುತ್ತ ಬಂದವು. ಆ ಅಚ್ಚಿನ ಜೋಡಿ ಭಾವನ ತಲೆಯ ಮೇಲಿನ ಮೊಳೆಯಲ್ಲೇ ತೂಗುತ್ತಿತ್ತು.

ಭಾವನ ಕೈ ಕೊನೆಗೆ ಆ ಮೊಳೆಗೆ ಹೋಯಿತು. ಬಲಗಾಲಿನ ಅಚ್ಚನ್ನು ಮಾತ್ರ ಇಳಿಸಿ, ಅಳೆದೂ ಸುರಿದೂ ನೋಡಿ, ಸರಿಯಾಗಿ ಐದನೇ ನಂಬರ್ ಎಂದರು. ಅದರ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿ, ಕಾಗದ ಮಗುಚಿ, ಅದರಂತೆ ಹೊಸ ಮರದ ತುಂಡಿನಲ್ಲಿ ಎಡಗಾಲನ್ನು ಕೆತ್ತಲು ಕೂತರು. ಅಂದರೆ ಅಕ್ಕನ ಬಲಗಾಲಿಗೆ ಅದರಂಥದೇ ಇನ್ನೊಂದು ಜೊತೆ. ಎಡಗಾಲಿನ ಹಳೆಯ ಅಚ್ಚು ಗೋಡೆಯಲ್ಲಿ ಒಂಟಿಯಾಗಿ ಉಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಊರಿನ ಕಾಲಿರುವಾಗ ಅವಳ ಕಾಲೇ ಬೇಕಿತ್ತೇ, ಅವಳನ್ನು ಒಂದು ಮಾತು ಕೇಳಬೇಡವೇ? ಇದನ್ನು ಗಟ್ಟಿಯಾಗಿಯೇ ಕೇಳಿದೆ. ಭಾವ ಮರದ ಹೊಟ್ಟು ಊದುತ್ತ, ಇದಕ್ಕಿಂತ ಚೆಂದದ ಪಾದ ಈ ಗೋಡೆಯಲ್ಲಿ ಇನ್ನೊಂದಿಲ್ಲ ಮೆಣಸಿನಕಾಯಿ, ಎಂದರು. ಅಕ್ಕ ಬಂದು ನೋಡಿದಳು. ಹೊಸ ಎಡಗಾಲನ್ನು ಕೈಗೆತ್ತಿಕೊಂಡು ಬೆರಳಿನಿಂದ ಸವರಿದಳು.

"ಒಳ್ಳೇದನ್ನೇ ಆರಿಸಿದೀರಿ," ಎಂದಷ್ಟೇ ಹೇಳಿ ಮೇಜಿಗೆ ಹೋದಳು. ಅವಳ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಒಂದನ್ನು ಕೊಡಲು, ಒಂದನ್ನು ನಮ್ಮಲ್ಲಿ ಇಟ್ಟುಕೊಳ್ಳಲು ಎಂದು ಎರಡು ಜೋಡಿ ಮಾಡಿದೆವು. ಮಾದರಿಯ ಒಂದು ಪ್ರತಿ ಕೈಯಲ್ಲಿದ್ದರೆ ಮುಂದೆ ಅದನ್ನೇ ನೋಡಿ ಮಾಡಬಹುದು. ಎಡ ಬಲ ಪಕ್ಕದಲ್ಲಿಟ್ಟರೆ ಕನ್ನಡಿ ಹಿಡಿದ ಹಾಗಿತ್ತು. ಖರೀದಿಯ ಹುಡುಗಿ ಪೆಟ್ಟಿಗೆ ಇಟ್ಟುಕೊಂಡು, ಐದನೇ ನಂಬರಿನವರಿಗೆ ತೊಡಿಸಿ ನೋಡಿ ಫೋನ್ ಮಾಡುತ್ತೇನೆ ಎಂದಳು.

ಅಲ್ಲಿಂದ ಶುರುವಾಯಿತು ನೋಡಿ. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರೆ ಸಿಗ್ನಲ್ ಚೆನ್ನಾಗಿರುತ್ತದೆ ಎಂದು ಅಲ್ಲಿಡುವರು. ಅಲ್ಲಿಂದ ತೆಗೆದು ಕಪಾಟಿನ ಮೇಲೆ, ಕಪಾಟಿನಿಂದ ಜೇಬಿಗೆ. ಫೋನ್ ಕೆಟ್ಟಿದೆಯೇನೋ ಎಂದು ನನ್ನಿಂದ ಕರೆ ಮಾಡಿಸಿ, ಅದು ಹೊಡೆದುಕೊಂಡಾಗ ನಾನೇ ಎಂದು ಗೊತ್ತಿದ್ದೂ ಬೆಚ್ಚುವರು. ತೊಡಿಸಿ ನೋಡಿದವಳಿಗೆ ಬಿಗಿಯಾಗಿದ್ದರೆ? ಹಿಮ್ಮಡಿ ಉಜ್ಜಿದರೆ? ನಾನು ಸುಮ್ಮನಿರಿ ಎಂದರೂ ಕೇಳಲಿಲ್ಲ, ಸುಮ್ಮನಿರಲು ನನಗೇ ಆಗುತ್ತಿರಲಿಲ್ಲ. ಇದರ ನಡುವೆ ಯಜಮಾನರು ಮೊಬೈಲ್ ಅಂಗಡಿಯವನನ್ನು ಕರೆದುಕೊಂಡು ಬಂದರು. ಅವನು ಟೇಪು ಹಿಡಿದು ನಮ್ಮ ಗೋಡೆಯ ಉದ್ದ ಅಳೆದ. ಪಾಪ, ಅವನಿಗೂ ಮುಜುಗರ, ಅಚ್ಚುಗಳಿಗೆ ಟೇಪು ತಾಗದ ಹಾಗೆ ಎತ್ತಿ ಎತ್ತಿ ಹಿಡಿಯುತ್ತಿದ್ದ. ಭಾವ ಬೀದಿಗೆ ಹೋಗಿ ನಿಂತರು. ಅವನು ಹೋದ ಮೇಲೂ ಒಳಗೆ ಬರಲು ಹಿಂದೆ ಮುಂದೆ ನೋಡಿದರು.

ಮರುದಿನ ಬೆಳಿಗ್ಗೆ ಗಿರಾಕಿಗಳಿರಲಿಲ್ಲ. ನಾನು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ನಮ್ಮಲ್ಲಿ ಉಳಿದಿದ್ದ ಜೋಡಿ ಮೇಜಿನ ಮೇಲಿತ್ತು. ಅಕ್ಕ ಅದನ್ನು ನೋಡುತ್ತ ನೋಡುತ್ತ ತನ್ನ ಷೂ ಬಿಚ್ಚಿ, ಕುರ್ಚಿಯಲ್ಲಿ ಕೂತು, ಎಡದ್ದನ್ನು ಹಾಕಿಕೊಂಡಳು. ಅದು ದೋಣಿಯ ಹಾಗೆ ಜೋಲಾಡಿತು. ಅಕ್ಕನಿಗೆ ನಗು ಬಂತು, ನನಗೆ ಬರಲಿಲ್ಲ. ಆಮೇಲೆ ಬಲದ್ದಕ್ಕೆ ಕಾಲು ತೂರಿಸಿದಳು. ಬೆರಳುಗಳು ಹೋದವು, ಪಾದ ಹೋಗಲಿಲ್ಲ. ಹಿಮ್ಮಡಿಯ ಬಳಿ ಬೆರಳಿಟ್ಟು ಎಳೆದಳು. ಆಗಲೂ ಹೋಗಲಿಲ್ಲ.

ಬಾಗಿಲಿನಿಂದ ಕಿಟಕಿಗೆ ಹೊರಟಿದ್ದ ಭಾವ ಅದನ್ನು ಕಂಡು ಅಲ್ಲೇ ನಿಂತರು. ಅಚ್ಚು ಅವಳ ಕಾಲಿನದು, ಷೂ ಆ ಅಚ್ಚಿನದು. ಷೂ ಅವಳಿಗೇ ಹಿಡಿಸದಿದ್ದರೆ ತಮ್ಮ ಕೈ ತಪ್ಪಿದೆ, ಮಳಿಗೆಯಲ್ಲಿರುವ ಜೋಡಿಯೂ ಇಷ್ಟೇ ಬಿಗಿ, ಆರ್ಡರ್ ಹೋಯಿತು, ಅಂಗಡಿಯೂ ಹೋಯಿತು ಎಂದು ಅವರು ಒಂದೇ ಉಸಿರಿಗೆ ಹೇಳಿದರು. ಅಚ್ಚು ತಂದು ಷೂಗೆ ತೂರಿಸಿ ನೋಡಿದರು. ಹೇಳಿ ಮಾಡಿಸಿದ ಹಾಗೆ ಕೂತಿತು. ಅಚ್ಚನ್ನು ನಂಬರಿನ ಪಟ್ಟಿಗೆ ಹಿಡಿದರು, ಐದೇ ಇತ್ತು. ಹಾಗಾದರೆ ತಪ್ಪು ಎಲ್ಲಿ? ಮೂರನೆಯದಾಗಿ ಉಳಿದಿದ್ದು ಕಾಲು ಮಾತ್ರ.

ಭಾವ ನೆಲದ ಮೇಲೆ ಕೂತರು. ಕಾಗದ ಹಾಸಿ ಅಕ್ಕನ ಬಲಪಾದವನ್ನು ಅದರ ಮೇಲಿಟ್ಟು ಪೆನ್ಸಿಲ್ ಎಳೆದರು. ಆಮೇಲೆ ಅಚ್ಚನ್ನು ಅದೇ ಗೆರೆಯ ಒಳಗಿಟ್ಟರು. ಸುತ್ತಲೂ ಜಾಗ ಉಳಿಯಿತು. ಹೆಬ್ಬೆರಳಿನ ಬುಡದಲ್ಲಿ, ಕಿರುಬೆರಳಿನ ಕಡೆ, ಹಿಮ್ಮಡಿಯ ಹಿಂದೆ. ಅಕ್ಕನ ಪಾದ ಅಗಲವಾಗಿತ್ತು, ಅಂಗಾಲಿನ ಕಮಾನು ಕುಸಿದು ಚಪ್ಪಟೆಯಾಗಿತ್ತು. ಇಷ್ಟು ವರ್ಷ ಎಡಗಾಲು ಹೊರಲಾರದ ಭಾರವನ್ನೆಲ್ಲ ಹೊತ್ತದ್ದು ಇದೇ ಕಾಲಲ್ಲವೇ? ಊರಿನವರೆಲ್ಲರ ಕಾಲನ್ನು ಪ್ರತಿ ಸಲ ಹೊಸದಾಗಿ ಅಳೆದವರು ಈ ಕಾಲನ್ನು ಮದುವೆಗೆ ಮೊದಲು ಅಳೆದದ್ದೇ ಕೊನೆ. ಮನೆಯವಳ ಅಳತೆ ಗೊತ್ತಿದ್ದದ್ದೇ ಎಂದು ಮತ್ತೆ ಮತ್ತೆ ಅದೇ ಅಚ್ಚಿನ ಮೇಲೆ ಹೊಲಿಯುತ್ತ ಬಂದಿದ್ದರು.

ಅಕ್ಕ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಬಲಗಾಲಿನ ಷೂವನ್ನು ಭಾವ ಎತ್ತಿಕೊಂಡು ಒಳಭಾಗವನ್ನು ಬೆಳಕಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಒಳಗಿನ ಮೆತ್ತನೆಯ ತೊಗಲನ್ನು ಎರಡೂ ಕಡೆ ಬ್ಲೇಡಿನಿಂದ ಸೀಳಲಾಗಿತ್ತು, ಹೆಬ್ಬೆರಳಿನ ಬಳಿ ಹೊಲಿಗೆ ಬಿಚ್ಚಿ ಜಾಗ ಮಾಡಲಾಗಿತ್ತು. ಹೊರಗಿನಿಂದ ಏನೂ ಕಾಣದ ಹಾಗೆ, ಮೇಲೆ ಚೆನ್ನಾಗಿ ಪಾಲಿಶ್. ಷೂ ಅಂಗಡಿಯ ಯಜಮಾನಿ ಕಾಲು ನೋಯಿಸಿಕೊಂಡು ಇದನ್ನು ಕದ್ದು ಮಾಡಿದ್ದಳು. ನನಗೆ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದೂ ತಿಳಿಯಲಿಲ್ಲ.

"ಎಷ್ಟು ದಿನದಿಂದ?" ಭಾವ ತಲೆ ಎತ್ತದೆ ಕೇಳಿದರು.

"ಆಗ್ಲೇ ಬಹಳ ದಿನ ಆಯ್ತು."

"ನಂಗ್ ಯಾಕೆ ಹೇಳ್ಲಿಲ್ಲ?"

"ನೀವು ಒಂದ್ ಕಡೆ ನಿಂತಿದ್ರೆ ತಾನೇ ಹೇಳೋದು," ಎಂದಳು ಅಕ್ಕ. ಸಿಟ್ಟಿನಿಂದಲ್ಲ, ಮಾಮೂಲು ದನಿಯಲ್ಲಿ. ಭಾವ ಅಚ್ಚನ್ನು ಕಾಗದದಿಂದ ತೆಗೆದು ಪಕ್ಕಕ್ಕಿಟ್ಟು, ಟೇಪು ಹುಡುಕಿದರು. ಟೇಪು ಅವರ ಕೊರಳಲ್ಲೇ ಇತ್ತು.

ಆಗ ಕಿಟಕಿಯ ಕಟ್ಟೆಯ ಮೇಲೆ ಫೋನ್ ಹೊಡೆದುಕೊಂಡಿತು. ಭಾವ ಏಳುತ್ತಾರೆ ಎಂದು ಕಾದೆ, ಅಕ್ಕನೂ ಅವರ ಮುಖ ನೋಡಿದಳು. ಅವರು ಅಕ್ಕನ ಪಾದದ ಸುತ್ತ ಟೇಪು ಸುತ್ತುತ್ತಿದ್ದರು. ಫೋನ್ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ನಾನೇ ಎಣ್ಣೆಯ ಕೈ ಸೀರೆಗೆ ಒರೆಸಿಕೊಂಡು ಓಡಿಹೋಗಿ ಎತ್ತಿದೆ.

ಖರೀದಿಯ ಹುಡುಗಿಯೇ. ತೊಡಿಸಿ ನೋಡಿದ ಎಲ್ಲರಿಗೂ ಹಿಡಿಸಿದೆ, ಆರ್ಡರ್ ಕಾಗದ ಸಿದ್ಧ, ಇವತ್ತೇ ಬಂದು ತೆಗೆದುಕೊಳ್ಳಬಹುದು ಎಂದಳು. ಯಜಮಾನರಿಗೆ ತೋರಿಸಲು ನಮಗೆ ಬೇಕಿದ್ದದ್ದು ಆ ಕಾಗದವೇ. ಸರ್‌ಗೆ ಫೋನ್ ಕೊಡಿ, ಒಂದು ಮಾತು ಹೇಳಬೇಕು ಎಂದಳು. ಅವರು ಅಳತೆ ತೆಗೆದುಕೊಳ್ಳುತ್ತಿದ್ದಾರೆ, ಮುಗಿದ ಮೇಲೆ ಅವರೇ ಮಾಡುತ್ತಾರೆ ಎಂದೆ. ಯಾರ ಅಳತೆ ಎಂದು ಅವಳು ಕೇಳಲಿಲ್ಲ.

"ಭಾವ, ಆಯ್ತು. ಆರ್ಡರ್ ಕೊಟ್ರು," ಎಂದೆ.

ಅಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಭಾವನ ಭುಜ ತಟ್ಟಿ, "ಏಳ್ರೀ, ಮೊದ್ಲು ಹೋಗಿ ಕಾಗದ ತಗೊಂಡ್ ಬನ್ನಿ. ಯಜಮಾನ್ರು ಮನೇಲಿರೋ ಹೊತ್ತಿಗೆ ತೋರಿಸ್ಬೇಕು," ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು.

ಭಾವ ಆ ಕಾಲನ್ನು ಬಿಡಲಿಲ್ಲ. ಮತ್ತೆ ಕಾಗದದ ಮೇಲೆ ತಂದಿಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡರು.

"ಎದ್ದು ನಿಂತ್ಕೋ," ಎಂದರು. "ಭಾರ ಪೂರ್ತಿ ಬಿಡು. ಅಲ್ಲಾಡ್ಬೇಡ, ಅಳತೆ ತಪ್ಪುತ್ತೆ."